130 ಡಾಲರಿನ ಸೂಪರ್‌ಮ್ಯಾನ್

1938ರ ಮಾರ್ಚ್ 1ನೇ ತಾರೀಖಿನ ಒಂದು ಹಳೆಯ ಚೆಕ್ಕು 2012ರಲ್ಲಿ ಅಮೆರಿಕದಲ್ಲಿ ಹರಾಜಿಗೆ ಬಂದು 1 ಲಕ್ಷ 60 ಸಾವಿರ ಡಾಲರಿಗೆ ಮಾರಾಟವಾಯಿತು. ಚೆಕ್ಕಿನಲ್ಲಿ ಬರೆದಿದ್ದ ಮೊತ್ತ 412 ಡಾಲರು. ಅದರಲ್ಲಿ 130 ಡಾಲರು ಒಂದು ಚಿತ್ರಕಥೆಗೆ ಸಂದ ಹಣ, ಪುಟಕ್ಕೆ 10 ಡಾಲರಿನಂತೆ 13 ಪುಟಕ್ಕೆ. ಆ 13 ಪುಟಗಳ ನಾಯಕನೇ ಸೂಪರ್‌ಮ್ಯಾನ್. ಕಥೆ ಬರೆದ ಜೆರ್ರಿ ಸೀಗಲ್‌ಗೂ ಚಿತ್ರ ಬರೆದ ಜೋ ಶೂಸ್ಟರ್‌ಗೂ ಆಗ 23 ವರ್ಷ. ಆ ಹಣ ಪಡೆದು ನಾಯಕನ ಮೇಲಿನ ಸಕಲ ಹಕ್ಕನ್ನೂ ಅವರು ಪ್ರಕಾಶಕರಿಗೆ ಬರೆದುಕೊಟ್ಟರು. ಚೆಕ್ಕಿನಲ್ಲಿ ಇಬ್ಬರ ಹೆಸರಿನ ಕಾಗುಣಿತವೂ ತಪ್ಪಾಗಿತ್ತು.

ಚೆಕ್ಕನ್ನು ಅಷ್ಟು ದುಡ್ಡು ಕೊಟ್ಟು ಕೊಂಡದ್ದು ಆ ಕಥೆಯ ಮೇಲಿನ ಪ್ರೀತಿಯಿಂದಲೇ ಇರಬೇಕು. ಆ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹೋಯಿತು. 1938ರಲ್ಲಿ ಅದರ ಬೆಲೆ 10 ಸೆಂಟು. ಒಬ್ಬ ನಾಯಕನನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವವರಿಗೆ ಅವನನ್ನು ಹೆತ್ತವರ ಋಣ ಇದೆಯೇ? ಇದ್ದರೆ ಎಷ್ಟು? ಈ ಪ್ರಶ್ನೆ ಕೆಲವು ದಿನಗಳಿಂದ ನಮ್ಮನ್ನು ಕಾಡುತ್ತಿದೆ.

ಸೀಗಲ್ ಮತ್ತು ಶೂಸ್ಟರ್ ಕ್ಲೀವ್‌ಲ್ಯಾಂಡ್ ನಗರದ ಯಹೂದಿ ವಲಸಿಗರ ಮಕ್ಕಳು. ಶಾಲೆಯಲ್ಲಿ ಯಾರೂ ಲೆಕ್ಕಕ್ಕಿಡದ, ವಿಜ್ಞಾನ ಕಥೆಗಳ ಹುಚ್ಚು ಹಿಡಿದ ಹುಡುಗರು. ತಾವೇ ಸೈಕ್ಲೋಸ್ಟೈಲ್ ಮಾಡಿದ ಪುಟ್ಟ ಪತ್ರಿಕೆಯೊಂದನ್ನು ಹೊರಡಿಸುತ್ತಿದ್ದರು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಇಬ್ಬರೂ ಗೀಕ್‌ಗಳೇ. ಅಂದಹಾಗೆ ಈ ಗೀಕ್ ಎಂಬ ಪದದ ಪೂರ್ವಜನ್ಮ ವಿಚಿತ್ರವಾದದ್ದು. ಅಮೆರಿಕದ ಜಾತ್ರೆಗಳಲ್ಲಿ ಜೀವಂತ ಕೋಳಿಯ ತಲೆಯನ್ನು ಕಚ್ಚಿ ತೋರಿಸಿ ಹೊಟ್ಟೆ ಹೊರೆಯುತ್ತಿದ್ದವನನ್ನು ಹಾಗೆ ಕರೆಯುತ್ತಿದ್ದರು. ಆಮೇಲೆ ಅದು ಪುಸ್ತಕದ ಹುಳುಗಳಿಗೆ ಅಂಟಿದ ಬೈಗುಳವಾಯಿತು. ಈಗ ಎದೆಯ ಮೇಲೆ ಅಚ್ಚು ಹಾಕಿಸಿಕೊಂಡು ತಿರುಗುವ ಬಿರುದು. 1970ರ ಆಗಸ್ಟಿನಲ್ಲಿ ಸ್ಯಾನ್ ಡಿಯಾಗೋದ ಹೋಟೆಲೊಂದರಲ್ಲಿ ಕಾಮಿಕ್ಸ್ ಪ್ರಿಯರ ಸಮಾವೇಶ ನಡೆದಾಗ ಸೇರಿದವರು ಸುಮಾರು 300 ಜನ. ಈಗ ಅಲ್ಲಿ ಲಕ್ಷಕ್ಕೂ ಮಿಕ್ಕಿ ಸೇರುತ್ತಾರೆ. ಅಂಥದೇ ಮೇಳ ಬೆಂಗಳೂರಿನಲ್ಲೂ 2012ರಲ್ಲಿ ಶುರುವಾಯಿತು.

ಆರಂಭದ ಸೂಪರ್‌ಮ್ಯಾನ್ ಯಾರ ಪರ ನಿಂತಿದ್ದ ಎಂಬುದನ್ನು ಬಹಳ ಜನ ಮರೆತಿದ್ದಾರೆ. ಮೊದಲ ಸಂಚಿಕೆಯಲ್ಲೇ ಅವನು ಹೆಂಡತಿಯನ್ನು ಹೊಡೆಯುವವನೊಬ್ಬನಿಗೆ ಬುದ್ಧಿ ಕಲಿಸುತ್ತಾನೆ. ಮೂರನೆಯ ಸಂಚಿಕೆಯಲ್ಲಿ ಸುರಕ್ಷತೆಗೆ ಬಿಡಿಗಾಸು ಖರ್ಚು ಮಾಡದ ಗಣಿಮಾಲೀಕನನ್ನು ಅವನದೇ ಗಣಿಯೊಳಗೆ ಸಿಕ್ಕಿಹಾಕಿಕೊಳ್ಳುವಂತೆ ಮಾಡಿ, ಕೂಲಿಯವರ ಪಾಡು ಏನೆಂದು ತೋರಿಸುತ್ತಾನೆ. 1932ರಲ್ಲಿ ಸೀಗಲ್‌ನ ತಂದೆ ತಮ್ಮ ಬಟ್ಟೆ ಅಂಗಡಿಯಲ್ಲಿ ಕಳ್ಳತನ ನಡೆದ ಗಲಾಟೆಯಲ್ಲೇ ಎದೆಯೊಡೆದು ಸತ್ತಿದ್ದರು. ಅನ್ಯಾಯದ ಕ್ಷಣಕ್ಕೆ ಸರಿಯಾಗಿ ಬಂದು ನಿಲ್ಲುವವನೊಬ್ಬ ಬೇಕೆಂದು ಆ ಹುಡುಗನಿಗೆ ಅನಿಸಿದ್ದರೆ ಅದರಲ್ಲಿ ಆಶ್ಚರ್ಯವೇನು?

ಪ್ರಕಾಶಕರ ಪರವಾಗಿಯೂ ಹೇಳುವ ಮಾತಿದೆ, ಅದನ್ನು ನುಂಗಿಬಿಡುವುದು ನ್ಯಾಯವಲ್ಲ. ಈ ಕಥೆಯನ್ನು ಪತ್ರಿಕೆಗಳಿಗೆ ಚಿತ್ರಕಥೆ ಒದಗಿಸುವ ಸಂಸ್ಥೆಗಳು ವರ್ಷಗಟ್ಟಲೆ ತಿರಸ್ಕರಿಸಿದ್ದವು. ಧೈರ್ಯ ಮಾಡಿ ಅಚ್ಚು ಹಾಕಿದವರು ಇವರೊಬ್ಬರೇ. ಪುಟಕ್ಕೆ 10 ಡಾಲರು ಅಂದಿನ ದರಕ್ಕೆ ಕಡಿಮೆಯೇನಲ್ಲ. ಹಕ್ಕು ಮಾರುವುದು ಆ ಉದ್ಯಮದ ರೂಢಿಯಾಗಿತ್ತು, ಸಹಿಯನ್ನು ಯಾರೂ ಕೈ ಹಿಡಿದು ಹಾಕಿಸಲಿಲ್ಲ. ಮುಂದಿನ ಕೆಲವು ವರ್ಷ ಇಬ್ಬರೂ ಪುಟದ ಲೆಕ್ಕದಲ್ಲಿ ಕೈತುಂಬ ದುಡಿದದ್ದೂ ನಿಜವೇ. ಆದರೆ ಕರಾರು ಎಂಬುದು ಇಬ್ಬರು ಸಮಾನರ ನಡುವಿನ ಮಾತು. ಒಬ್ಬನಿಗೆ ಮುದ್ರಣಾಲಯವಿದೆ, ಇನ್ನೊಬ್ಬನಿಗೆ ಮನೆಬಾಡಿಗೆ ಇದೆ ಎಂದಾಗ ಸಹಿಯ ಶಾಯಿ ಒಂದೇ ಆದರೂ ಅದರ ತೂಕ ಒಂದೇ ಆಗುವುದಿಲ್ಲ. ಮಾರಿದ ದಿನ ಮಾರಿದವನಿಗಾಗಲಿ ಕೊಂಡವನಿಗಾಗಲಿ ಆ ವಸ್ತುವಿನ ಬೆಲೆಯೇ ಗೊತ್ತಿರಲಿಲ್ಲ. ಬೆಲೆ ಗೊತ್ತಾದ ಮೇಲೂ ಹಳೆಯ ಕಾಗದವನ್ನೇ ತೋರಿಸುತ್ತ ಕುಳಿತದ್ದು ಕಾನೂನಿಗೆ ಒಪ್ಪಿತು. ನಮ್ಮ ಮನಸ್ಸಿಗೆ ಒಪ್ಪುತ್ತಿಲ್ಲ.

1947ರಲ್ಲಿ ಇಬ್ಬರೂ ಕೋರ್ಟಿಗೆ ಹೋದರು. ಮರುವರ್ಷ ಸುಮಾರು 94 ಸಾವಿರ ಡಾಲರಿಗೆ ರಾಜಿಯಾಯಿತು, ಕೆಲಸ ಹೋಯಿತು, ಪುಟದ ಮೇಲಿಂದ ಹೆಸರುಗಳೂ ಮಾಯವಾದವು. 1959ರಲ್ಲಿ ಸೀಗಲ್ ಅದೇ ಸಂಸ್ಥೆಗೆ ಮರಳಿ ತಾನೇ ಹುಟ್ಟಿಸಿದ ಸೂಪರ್‌ಮ್ಯಾನ್‌ಗೆ ಹೆಸರಿಲ್ಲದ ಕೂಲಿ ಬರಹಗಾರನಾಗಿ ಕಥೆ ಬರೆದ. ಈ ಸಂಗತಿ ಓದಿದಾಗ ನಮ್ಮ ಕೈ ಪುಟದ ಮೇಲೆಯೇ ನಿಂತುಬಿಟ್ಟಿತ್ತು. 1975ರಲ್ಲಿ ಸೂಪರ್‌ಮ್ಯಾನ್ ಮೇಲೆ ಕೋಟ್ಯಂತರ ಡಾಲರಿನ ಸಿನಿಮಾ ತಯಾರಾಗುತ್ತಿದೆ ಎಂಬ ಸುದ್ದಿ ಬಂದಾಗ ಸೀಗಲ್ ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ 7,500 ಡಾಲರಿನ ಗುಮಾಸ್ತ. ಶೂಸ್ಟರ್‌ಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ. ನೀಲ್ ಆಡಮ್ಸ್, ಜೆರ್ರಿ ರಾಬಿನ್ಸನ್ ಮೊದಲಾದ ಚಿತ್ರಕಾರರು ಪತ್ರಿಕೆ, ಟಿವಿಗಳಲ್ಲಿ ಗದ್ದಲ ಎಬ್ಬಿಸಿದ ಮೇಲೆ ವಾರ್ನರ್ ಸಂಸ್ಥೆ ಇಬ್ಬರಿಗೂ ವರ್ಷಕ್ಕೆ 20 ಸಾವಿರ ಡಾಲರು ಕೊಡಲು, ಹೆಸರು ಮರಳಿ ಹಾಕಲು ಒಪ್ಪಿತು. ಇದು ಕೋರ್ಟಿನ ತೀರ್ಪಲ್ಲ, ಬರೀ ಮರ್ಯಾದೆಯ ಭಯ.

ಬ್ಯಾಟ್‌ಮ್ಯಾನ್‌ನದು ಇದಕ್ಕಿಂತ ಕಹಿಯಾದ ಕಥೆ. 1939ರಿಂದ ಅವನ ಕರ್ತೃವೆಂದು ಅಚ್ಚಾಗುತ್ತಿದ್ದದ್ದು ಬಾಬ್ ಕೇನ್ ಎಂಬ ಒಂದೇ ಹೆಸರು. ಮುಖ ಮುಚ್ಚುವ ಕುಲಾವಿ, ರೆಕ್ಕೆಯಂಥ ಮೇಲಂಗಿ, ಬ್ರೂಸ್ ವೇನ್ ಎಂಬ ಹೆಸರು, ಗೋಥಮ್ ಎಂಬ ಊರು, ಇವೆಲ್ಲ ಬಿಲ್ ಫಿಂಗರ್ ಎಂಬ ಇನ್ನೊಬ್ಬ ಬಡ ಬರಹಗಾರ ಕೊಟ್ಟದ್ದು. ಇಲ್ಲಿ ವಂಚಿಸಿದ್ದು ಪ್ರಕಾಶಕ ಮಾತ್ರವಲ್ಲ, ಜೊತೆಗಾರನೇ. ಇದನ್ನು ಮೊದಲು ಎತ್ತಿ ಹೇಳಿದವರು ಯಾರು ಗೊತ್ತೇ? ಜೆರ್ರಿ ಬೇಲ್ಸ್ ಎಂಬ ಅಧ್ಯಾಪಕ, ಅಂಥ ಗೀಕ್‌ಗಳ ಹಿರಿಯಣ್ಣ. 1965ರ ಸಮಾವೇಶವೊಂದರಲ್ಲಿ ಫಿಂಗರ್ ಆಡಿದ ಮಾತು ಕೇಳಿ ಅವರು ಬರೆದ ಲೇಖನಕ್ಕೆ ಕೇನ್ ಸಿಟ್ಟಿನಿಂದ ಉತ್ತರಿಸಿದ. ಫಿಂಗರ್ 1974ರಲ್ಲಿ ಬಡತನದಲ್ಲೇ ತೀರಿಕೊಂಡರು. ಫಿಂಗರ್‌ಗೆ ಹೆಚ್ಚಿನ ಮನ್ನಣೆ ಸಲ್ಲಬೇಕಿತ್ತೆಂದು ಕೇನ್ 1989ರ ಆತ್ಮಕಥೆಯಲ್ಲಿ ಒಪ್ಪಿಕೊಂಡ. ತೆರೆಯ ಮೇಲೆ ಫಿಂಗರ್ ಹೆಸರು ಬಂದದ್ದು 2015ರಲ್ಲಿ, ಮಾರ್ಕ್ ಟೈಲರ್ ನೋಬಲ್‌ಮನ್ ಎಂಬ ಲೇಖಕ ಹಠ ಹಿಡಿದು ಮೊಮ್ಮಗಳನ್ನು ಹುಡುಕಿ ತೆಗೆದ ಮೇಲೆ.

ಆದುದರಿಂದ ಈ ಗೀಕ್‌ಗಳನ್ನು ಮಕ್ಕಳಾಟದವರು ಎಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಯಾವ ಸಂಚಿಕೆಯಲ್ಲಿ ಯಾವ ಬಣ್ಣದ ಅಂಗಿ ಎಂದು ಲೆಕ್ಕವಿಡುವ ಅದೇ ಹುಚ್ಚು ಅದನ್ನು ಬರೆದವರು ಯಾರು ಎಂಬ ಲೆಕ್ಕವನ್ನೂ ಇಟ್ಟಿತು. ಹಾಗೆ ಲೆಕ್ಕವಿಡದೆ ಬರೀ ಬೊಂಬೆ ಕೊಳ್ಳುವವರೇ ಹೆಚ್ಚು ಎಂಬುದು ಬೇರೆ ಮಾತು.

ನಾವಾದರೂ ಎಷ್ಟು ಲೆಕ್ಕವಿಟ್ಟೆವು? ಉರ್ದು ಶಾಲೆಯ ದಿನಗಳಲ್ಲಿ ಹಮ್ಜಾ ದಾಸ್ತಾನಿನ ಅಮರ್ ಅಯ್ಯಾರನೇ ನಮ್ಮ ಸೂಪರ್‌ಮ್ಯಾನ್. ಅವನ ಜಂಬೀಲ್ ಚೀಲದಲ್ಲಿ ಏನೇನಿತ್ತು ಎಂಬುದು ನಮಗೆ ಬಾಯಿಪಾಠವಾಗಿತ್ತು. ಲಖನೌದ ನವಲ್ ಕಿಶೋರ್ ಮುದ್ರಣಾಲಯಕ್ಕೆ ತಿಲಿಸ್ಮೆ ಹೋಶ್‌ರುಬಾದ ಮೊದಲ ನಾಲ್ಕು ಸಂಪುಟ ಬರೆದುಕೊಟ್ಟವರು ಮುಹಮ್ಮದ್ ಹುಸೇನ್ ಜಾಹ್, ಉಳಿದವನ್ನು ಬರೆದವರು ಅಹ್ಮದ್ ಹುಸೇನ್ ಕಮರ್ ಎಂದು ತಿಳಿಯುವಷ್ಟರಲ್ಲಿ ನಮಗೆ ಮೂವತ್ತು ದಾಟಿತ್ತು.

ಇಷ್ಟು ಬರೆದ ಮೇಲೆ ಇನ್ನೊಂದನ್ನು ಬಚ್ಚಿಡುವುದು ಸರಿಯಲ್ಲ. ನಮ್ಮ ಓಣಿಯಲ್ಲಿ ಬೀಡಿ ಕಟ್ಟುವ ಖಾಲಾ ಒಬ್ಬರಿದ್ದರು. ಮೊರ ತೊಡೆಯ ಮೇಲಿಟ್ಟುಕೊಂಡು, ಕೈ ಬಿಡುವಿಲ್ಲದೆ ಓಡುತ್ತಿರುವಾಗಲೇ ಕಥೆ ಹೇಳುತ್ತಿದ್ದರು. ಮಗಳ ನಿಕಾಹಿನ ಹಿಂದಿನ ದಿನ ತಮ್ಮ ಮೂಗುತಿಯನ್ನು ಒತ್ತೆಯಿಟ್ಟ ಪ್ರಸಂಗ ಹೆಚ್ಚುಕಡಿಮೆ ಅವರದೇ ಮಾತುಗಳಲ್ಲಿ ನಮ್ಮ ಕಥೆಯಾಗಿ ಅಚ್ಚಾಯಿತು. 300 ರೂಪಾಯಿ ಗೌರವಧನ ಬಂತು. ಒಂದು ಪ್ರತಿ ಕೊಟ್ಟುಬಂದೆವು. ಖಾಲಾಗೆ ಕನ್ನಡ ಓದಲು ಬಾರದು, ಮೊಮ್ಮಗನಿಂದ ಓದಿಸಿಕೊಂಡರಂತೆ.

“ಚೆನ್ನಾಗಿ ಬರೆದಿದ್ದೀ ಬೇಟಾ,” ಎಂದರು ಮುಂದೆ ಸಿಕ್ಕಾಗ. “ಎರಡು ವರ್ಷ ಬೀಡಿ ಕಟ್ಟಿ ಮೂಗುತಿ ಬಿಡಿಸಿಕೊಂಡೆನಲ್ಲ, ಅದನ್ನು ಯಾಕೆ ಬಿಟ್ಟೆ?”

ಬಿಟ್ಟರೆ ಕೊನೆ ಚೆನ್ನಾಗಿರುತ್ತದೆ ಎಂದು ಬಿಟ್ಟಿದ್ದೆವು. ಹಾಗೆಂದು ಹೇಳಲಾಗಲಿಲ್ಲ. ಹಣದ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಖಾಲಾ ಈಗಿಲ್ಲ. ಆ ಕಥೆ ನಮ್ಮ ಎರಡನೆಯ ಸಂಕಲನದಲ್ಲಿದೆ. ಅದರ ಅರ್ಪಣೆಯ ಪುಟದಲ್ಲಿ ಬೇರೊಬ್ಬರ ಹೆಸರಿದೆ.