ತೋರುವ ಸಂಖ್ಯೆ, ಇರುವ ಸಂಖ್ಯೆ

ವಸ್ತುವು ಹೇಗಿದೆಯೋ ಹಾಗೆಯೇ ಅದನ್ನು ಅರಿಯುವುದು ಯಥಾರ್ಥಜ್ಞಾನವೆಂದು ನ್ಯಾಯದರ್ಶನ ಹೇಳುತ್ತದೆ. ಆದರೆ ಇದ್ದುದನ್ನು ಇದ್ದಂತೆಯೇ ಹೇಳಿದರೂ ಕೇಳುವವನಲ್ಲಿ ಭ್ರಮೆ ಹುಟ್ಟುವುದಾದರೆ ಆ ಮಾತನ್ನು ಸತ್ಯವೆನ್ನಬಹುದೇ ಎಂಬ ಪ್ರಶ್ನೆಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಮಾಂಡ್ ಲೈನ್, ಅಂದರೆ ಅಕ್ಷರಗಳಲ್ಲಿ ಆಜ್ಞೆ ಕೊಟ್ಟು ಅಕ್ಷರಗಳಲ್ಲೇ ಉತ್ತರ ಪಡೆಯುವ ವ್ಯವಸ್ಥೆ, ಸ್ಪಷ್ಟವಾದ ನಿದರ್ಶನವನ್ನು ಒದಗಿಸುತ್ತದೆ.

ಅಲ್ಲಿ 0.1 ಎಂದು ಬರೆದರೆ ಹಿಂದೆ 0.10000000000000001 ಎಂಬ ಉತ್ತರ ಬರುತ್ತಿತ್ತು. ದ್ವಿಮಾನ ಪದ್ಧತಿಯಲ್ಲಿ, ಅಂದರೆ ಸೊನ್ನೆ ಮತ್ತು ಒಂದುಗಳಿಂದಷ್ಟೇ ಸಂಖ್ಯೆಯನ್ನು ಬರೆಯುವ ಕ್ರಮದಲ್ಲಿ, ಹತ್ತನೆಯ ಒಂದು ಭಾಗವು ಕೊನೆಯಿಲ್ಲದೆ ಮುಂದುವರಿಯುವುದರಿಂದ ಯಂತ್ರವು 53 ಬಿಟ್‌ಗಳ ನಿಖರತೆಯಲ್ಲಿ ಅದಕ್ಕೆ ಅತಿ ಸಮೀಪದ ಮೌಲ್ಯವನ್ನು ಇಟ್ಟುಕೊಳ್ಳುತ್ತದೆ. ಉತ್ತರವು ಸುಳ್ಳಲ್ಲದಿದ್ದರೂ ಯಂತ್ರದ ಲೆಕ್ಕವೇ ತಪ್ಪಿತೆಂಬ ಶಂಕೆಯನ್ನು ಅದು ಹುಟ್ಟಿಸುತ್ತಿತ್ತು. 2009ರಲ್ಲಿ ಬಂದ 3.1 ಆವೃತ್ತಿ ಇದನ್ನು ತಿದ್ದಿತು: ಮರಳಿ ಓದಿದಾಗ ಅದೇ ಮೌಲ್ಯವನ್ನು ಕೊಡುವ ದಶಮಾಂಶ ರೂಪಗಳಲ್ಲಿ ಅತಿ ಚಿಕ್ಕದನ್ನು ಮುದ್ರಿಸಬೇಕೆಂಬುದು ಹೊಸ ನಿಯಮ. ಆದ್ದರಿಂದ 0.1 ಈಗ 0.1 ಆಗಿಯೇ ಕಾಣುತ್ತದೆ.

ಇದನ್ನು ಮರೆಮಾಚುವಿಕೆ ಎನ್ನುವುದು ಅನ್ಯಾಯ. 0.1ಕ್ಕೆ 0.2 ಕೂಡಿಸಿದರೆ ಇಂದಿಗೂ 0.30000000000000004 ಬರುತ್ತದೆ, ಏಕೆಂದರೆ ಆ ಮೊತ್ತವು 0.3 ಎಂದು ಬರೆದಾಗ ಯಂತ್ರದಲ್ಲಿ ಉಳಿಯುವ ಮೌಲ್ಯಕ್ಕಿಂತ ನಿಜವಾಗಿಯೂ ಭಿನ್ನವಾದುದು. ಅಂಕಿಗಳನ್ನು ಕತ್ತರಿಸಿ ಈ ಭೇದವನ್ನೂ ಅಳಿಸಿದ್ದರೆ ಓದುಗನ ನೆಮ್ಮದಿಗಾಗಿ ಅಯಥಾರ್ಥವನ್ನು ಒಪ್ಪಿದಂತಾಗುತ್ತಿತ್ತು. ಹಣದ ಲೆಕ್ಕದಂತೆ ದಶಮಾಂಶದ ನಿಖರತೆಯೇ ಮುಖ್ಯವಾದೆಡೆ ತಿದ್ದಬೇಕಾದುದು ಮುದ್ರಣವನ್ನಲ್ಲ, ಸಂಖ್ಯೆಯನ್ನು ಇಟ್ಟುಕೊಳ್ಳುವ ಬಗೆಯನ್ನು; ಪೈಥಾನ್‌ನ ಡೆಸಿಮಲ್ ಮಾಡ್ಯೂಲ್ ಇರುವುದು ಅದಕ್ಕಾಗಿಯೇ.