ಒಡೆತನ ಮತ್ತು ಒಡನಾಟ

ಮೂವತ್ತು ವರ್ಷಗಳ ಹಿಂದೆ ಮಾರಿದ ವಸ್ತುವನ್ನು ಒಬ್ಬ ಮನುಷ್ಯನು ಹುಡುಕಿಕೊಂಡು ಹೋಗಿ, ಮಾರಿದ ಬೆಲೆಯ ಹತ್ತು ಪಟ್ಟು ತೆತ್ತು ಮರಳಿ ಮನೆಗೆ ತಂದನೆಂದರೆ, ಅವನು ತಂದದ್ದು ಏನನ್ನು? ಒಂದಿಷ್ಟು ಕಬ್ಬಿಣವನ್ನೇ, ಕಳೆದುಹೋದ ತನ್ನ ಪ್ರಾಯವನ್ನೇ, ಅಥವಾ ಅವನಿಗೇ ಹೆಸರಿಡಲಾಗದ ಬೇರೇನನ್ನೋ?

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಆಸುಪಾಸಿನಲ್ಲಿ ಹಳೆಯ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳು ಆಗೀಗ ಮತ್ತೆ ಕಣ್ಣಿಗೆ ಬೀಳುತ್ತವೆ. ಅವುಗಳನ್ನು ಓಡಿಸುವವರಲ್ಲಿ ತರುಣರೂ ಉಂಟು. ಆದರೆ ನನ್ನ ಗಮನ ಸೆಳೆದವರು ಐವತ್ತೈದು, ಅರವತ್ತರ ಗಂಡಸರು. ಯೌವನದಲ್ಲಿ ಆ ಗಾಡಿಯ ಒಡೆಯರಾಗಿದ್ದು, ತಂಗಿಯ ಮದುವೆಗೋ ಮನೆಯ ಸಾಲಕ್ಕೋ ಮಗುವಿನ ಆಸ್ಪತ್ರೆಯ ಖರ್ಚಿಗೋ ಅದನ್ನು ಮಾರಿದವರು. ಆಮೇಲೆ ಬಸ್ಸು, ಸ್ಕೂಟರು, ಅನುಕೂಲವಿದ್ದವರಿಗೆ ಕಾರು. ಈಗ ಮಕ್ಕಳು ಬೆಂಗಳೂರಿಗೋ ಹೈದರಾಬಾದಿಗೋ ಹೊರಟುಹೋಗಿದ್ದಾರೆ. ಒಂದು ದಿನ ಅಂಗಳದಲ್ಲಿ ತುಕ್ಕು ಹಿಡಿದ ಯೆಜ್ಡಿಯೊಂದು ಬಂದು ನಿಲ್ಲುತ್ತದೆ. ಮನೆಯವರು 'ಅರವತ್ತಕ್ಕೆ ಅರಳು ಮರಳು' ಎಂದು ನಗುತ್ತಾರೆ. ನಮ್ಮಂಥ ಗುರುಗಳಾದರೋ ಅದಕ್ಕಿಂತ ತೂಕದ ಪದವನ್ನು ಬಳಸಿ 'ವಸ್ತುವ್ಯಾಮೋಹ' ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಎರಡೂ ಮಾತುಗಳು ಅವಸರದವೆಂದು ನನಗೆ ತೋರುತ್ತದೆ.

ಮೊದಲು ಆ ವಸ್ತುವನ್ನೇ ಸ್ವಲ್ಪ ನೋಡೋಣ. ಜಾವಾ ಹುಟ್ಟಿದ್ದು 1929ರಲ್ಲಿ, ಚೆಕೊಸ್ಲೊವಾಕಿಯ ದೇಶದಲ್ಲಿ. ಯಾನಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲಕ್ಷರಗಳಿಗೆ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಹೆಸರು ಅದು. ನಮ್ಮ ನಾಡಿನಲ್ಲಿ ಅದನ್ನು ತಯಾರಿಸಲು ಐಡಿಯಲ್ ಜಾವಾ ಎಂಬ ಕಂಪನಿ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ತೆರೆಯಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. ಕಂಪನಿಯನ್ನು ಕಟ್ಟಿದ್ದು ಇರಾನಿ ಮನೆತನ. ಇರಾನಿನ ಯಜ್ದ್ ನಗರದ ನೆನಪು ಆ ಹೆಸರಿನಲ್ಲಿದೆ. 250 ಸಿ.ಸಿ.ಯ ಟೂ-ಸ್ಟ್ರೋಕ್ ಎಂಜಿನ್, ಎಡಬಲಕ್ಕೆ ಒಂದೊಂದು ಸೈಲೆನ್ಸರ್, ಕಿಕ್ಕರ್ ಆಗಿಯೂ ಗೇರ್ ಆಗಿಯೂ ದುಡಿಯುವ ಒಂದೇ ಲಿವರ್. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕು. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಬಂದು ಒಂದು ಲೀಟರಿನಲ್ಲಿ ದುಪ್ಪಟ್ಟು ದೂರ ಓಡತೊಡಗಿದಾಗ ಯೆಜ್ಡಿಯ ದಿನಗಳು ಎಣಿಕೆಗೆ ಬಂದವು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಬಾಗಿಲು ಹಾಕಿತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಈ ಗಾಡಿಯ ಬಗ್ಗೆ ಹಂಬಲದಿಂದ ಮಾತನಾಡುವವರೆಲ್ಲ ಗಂಡಸರು. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಮೋಟಾರ್ ಸೈಕಲ್ಲು ಬಂದದ್ದು ವರೋಪಚಾರದ ಪಟ್ಟಿಯಲ್ಲಿ. ಮೈಸೂರಿನ ಕಾರ್ಖಾನೆ ಉದ್ಘಾಟನೆಯಾದ 1961ನೆಯ ಇಸವಿಯಲ್ಲಿಯೇ ವರದಕ್ಷಿಣೆ ನಿಷೇಧ ಕಾಯಿದೆಯೂ ಬಂತೆಂಬುದು ಕಾಕತಾಳೀಯ. ಗಾಡಿಗಳು ಹಳ್ಳಿಹಳ್ಳಿಗೆ ತಲಪಿದಷ್ಟು ಚುರುಕಾಗಿ ಆ ಕಾಯಿದೆ ತಲಪಲಿಲ್ಲ. ಅಳಿಯನ ಆ ಗಾಡಿಗಾಗಿ ಎರಡೆಕರೆ ಎರೆಭೂಮಿ ಮಾರಿದ ತಂದೆಯ ಮಗಳಿಗೆ ಅದರ ಸದ್ದು ಅಷ್ಟೇ ಇಂಪಾಗಿ ಕೇಳಿಸೀತೇ? ಹಳೆಯದರ ನೆನಪು ಎಲ್ಲರಿಗೂ ಒಂದೇ ಅಲ್ಲವೆಂಬುದನ್ನು ನೆನಪಿಟ್ಟುಕೊಂಡೇ ಮುಂದಿನ ವಿಚಾರ ಮಾಡಬೇಕು.

ಫ್ರಾನ್ಸಿನ ಕಥೋಲಿಕ ದಾರ್ಶನಿಕ ಗೇಬ್ರಿಯಲ್ ಮಾರ್ಸೆಲ್ 1935ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ 'ಇರುವುದು' ಮತ್ತು 'ಉಳ್ಳವನಾಗಿರುವುದು' ಎಂಬ ಎರಡರ ನಡುವಣ ಅಂತರವನ್ನು ಚರ್ಚಿಸಿದ್ದಾನೆ. ನಾನು ಹೊಂದಿರುವ ವಸ್ತು ಕ್ರಮೇಣ ನನ್ನನ್ನೇ ಹಿಡಿದುಕೊಳ್ಳುತ್ತದೆ, ಕಳೆದುಕೊಂಡೇನೆಂಬ ಭಯ ನನ್ನನ್ನು ಕಟ್ಟಿಹಾಕುತ್ತದೆ ಎಂಬುದು ಅವನ ವಿಚಾರದ ಒಂದು ಎಳೆ. ಆದರೆ ಅದೇ ಮಾರ್ಸೆಲ್ ಇನ್ನೊಂದನ್ನೂ ಗಮನಿಸಿದ್ದಾನೆ. ಸಂಗೀತಗಾರನಿಗೆ ತನ್ನ ವಾದ್ಯ, ತೋಟಗಾರನಿಗೆ ತನ್ನ ತೋಟ ಬರಿಯ ಸ್ವತ್ತಾಗಿ ಉಳಿಯುವುದಿಲ್ಲ. ಅವರು ಅದರೊಡನೆ ದುಡಿಯುತ್ತಾ ಹೋದಂತೆ ಒಡೆತನದ ಗೋಡೆ ತೆಳುವಾಗುತ್ತದೆ. ಹಾಗಾದರೆ ಅಂಗಳಕ್ಕೆ ಮರಳಿದ ಯೆಜ್ಡಿ ಯಾವ ಬಗೆಯದು?

ನನ್ನ ಪಾಲಿಗೆ ಉತ್ತರದ ಸುಳಿವು ದೊರೆತದ್ದು ಒಂದು ಸರಳ ಸಂಗತಿಯಲ್ಲಿ. ಹೊಸ ಗಾಡಿಯನ್ನು ಮನುಷ್ಯ ಒಬ್ಬನೇ ಇಟ್ಟುಕೊಳ್ಳಬಹುದು. ಕೆಟ್ಟರೆ ಸರ್ವೀಸ್ ಸೆಂಟರಿಗೆ ಬಿಟ್ಟು, ಬಿಲ್ಲು ಕಟ್ಟಿ, ಯಾರ ಮುಖವನ್ನೂ ನೋಡದೆ ಹೊರಬರಬಹುದು. ಕಾರ್ಖಾನೆಯೇ ಮುಚ್ಚಿಹೋದ ಗಾಡಿಯನ್ನು ಹಾಗೆ ಇಟ್ಟುಕೊಳ್ಳಲಾಗದು. ಪಿಸ್ಟನ್ ರಿಂಗು ಯಾರ ಬಳಿ ಇದೆ, ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿ ಯಾವ ಊರಿನಲ್ಲಿ ಇನ್ನೂ ಅಂಗಡಿ ತೆರೆಯುತ್ತಾನೆ, ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಣ ಮಾಡಿಸುವುದು ಹೇಗೆ: ಎಲ್ಲವನ್ನೂ ಕೇಳಬೇಕು. ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತರಾದವರು ಜೀನ್ಸ್ ಹೊಲಿಯುವ ಘಟಕದ ಟೈಲರನನ್ನು ಕೇಳಬೇಕು. ಟೈಲರನು ಸಿರುಗುಪ್ಪದ ಭತ್ತದ ರೈತನನ್ನು ಕೇಳಬೇಕು. ಐವತ್ತೈದರ ಗಂಡಸು ಇನ್ನೊಬ್ಬ ಗಂಡಸಿನ ಬಳಿಗೆ ಹೋಗಿ 'ನನಗೆ ಇದು ಗೊತ್ತಿಲ್ಲ, ಹೇಳಿಕೊಡಿ' ಎನ್ನುವುದು ನಮ್ಮ ಸಮಾಜದಲ್ಲಿ ಸುಲಭವಾದ ಮಾತಲ್ಲ. ಮನೆಯ ಚಿಂತೆಯನ್ನಾಗಲಿ ಮೈಯ ನೋವನ್ನಾಗಲಿ ಯಾರಲ್ಲಿಯೂ ಹೇಳದವನು ಗಾಡಿಯ ಖಾಯಿಲೆಯನ್ನು ಹೇಳುತ್ತಾನೆ. ಅದರ ಬೆನ್ನಿಗೇ ಉಳಿದ ಮಾತೂ ಹೊರಡುತ್ತದೆ.

ಸಂಗನಕಲ್ಲಿನ ಗುಡ್ಡಗಳನ್ನು ಹತ್ತಿದ ವಾಚಕರಿಗೆ ಇದು ಹೊಸದೆನಿಸಲಾರದು. ಅಲ್ಲಿನ ಹಿರೇಗುಡ್ಡದ ಕಪ್ಪು ಡಾಲರೈಟ್ ಶಿಲೆಯಿಂದ ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ನವಶಿಲಾಯುಗದ ಜನರು ಕೊಡಲಿಗಳನ್ನು ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ನೆಲೆಯನ್ನು ಗುರುತಿಸಿದ; 1940ರ ದಶಕದಲ್ಲಿ ಬಿ. ಸುಬ್ಬರಾವ್ ಇಲ್ಲಿ ಉತ್ಖನನ ನಡೆಸಿದರು. ಕಲ್ಲನ್ನು ಚಕ್ಕೆ ಚಕ್ಕೆಯಾಗಿ ಒಡೆದು ಆಕಾರ ತರುವುದು ಒಂದು ಕೆಲಸ. ಅದನ್ನು ಬಂಡೆಗೆ ಉಜ್ಜಿ ಉಜ್ಜಿ ನುಣುಪು ಮಾಡುವುದು ಅದಕ್ಕಿಂತ ದೀರ್ಘವಾದ ಕೆಲಸ. ಹಾಗೆ ಉಜ್ಜಿದ ಗುಳಿಗಳು ಬಂಡೆಗಳ ಮೇಲೆ ಇಂದಿಗೂ ಇವೆ. ಒಬ್ಬನ ಒಂದು ಜನ್ಮದ ಉಜ್ಜಾಟದಿಂದ ಆದ ಗುಳಿಗಳಂತೆ ಅವು ನನಗೆ ಕಾಣುವುದಿಲ್ಲ. ಕೊಡಲಿ ಒಬ್ಬೊಬ್ಬನದು, ಗುಳಿ ಎಲ್ಲರದು. ಒಂದು ಉಪಕರಣದ ಸುತ್ತ ಜನ ಕೂಡುವುದು, ಕಲಿಯುವುದು, ಕಲಿಸುವುದು ನಮ್ಮ ಮಣ್ಣಿಗೆ ಬಹಳ ಹಳೆಯದು. ಅದನ್ನು ವ್ಯಾಮೋಹವೆಂದು ಒಂದೇ ಪದದಲ್ಲಿ ಮುಗಿಸಲು ನಾನು ಒಪ್ಪಲಾರೆ.

ಈ ಗಾಡಿಯವರ ಕೂಟಗಳು ನಾಡಿನಾದ್ಯಂತ ಇವೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಅವರು ಅಂತರರಾಷ್ಟ್ರೀಯ ಜಾವಾ ದಿನವೆಂದು ಆಚರಿಸುತ್ತಾರೆ. ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಸಾಲುಸಾಲಾಗಿ ಗಾಡಿಗಳು ನಿಲ್ಲುತ್ತವೆ. ಭಾನುವಾರವನ್ನೇ ಏಕೆ ಆರಿಸಿಕೊಂಡರೋ ಎಂದು ಗುರುಗಳು ಗೊಣಗಬಹುದು. ಇರಲಿ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಹೊಸ ಕಂಪನಿಯೊಂದರ ಮೂಲಕ ಮಾರುಕಟ್ಟೆಗೆ ಮರಳಿದ ಮೇಲೆ ಹಳೆಯ ಗಾಡಿಗಳ ಮೇಲಿನ ಆಸೆ ಇನ್ನಷ್ಟು ಹೆಚ್ಚಿದಂತಿದೆ. ಆಸೆಯೊಡನೆ ಬೆಲೆ, ಬೆಲೆಯೊಡನೆ ಬಿಂಕ. ಯಾರ ಗಾಡಿಯಲ್ಲಿ ಎಷ್ಟು ಭಾಗ ಮೂಲದ್ದು, ಯಾರದು ನಕಲಿ ಎಂಬ ಲೆಕ್ಕಾಚಾರ ಶುರುವಾದರೆ ಕೂಟದೊಳಗೇ ಮೇಲುಕೀಳು ತಲೆಯೆತ್ತುತ್ತದೆ. ಗಾಡಿಯನ್ನು ಬದುಕಿಸಿದ ಮೇಸ್ತ್ರಿ ಫೋಟೋದಲ್ಲಿ ಇರುವುದಿಲ್ಲ. ಆಸ್ಪತ್ರೆಯ ಮುಂದೆ, ಪರೀಕ್ಷೆಗೆ ಓದುವ ಮಕ್ಕಳಿರುವ ಬೀದಿಯಲ್ಲಿ ಮೂವತ್ತು ಸೈಲೆನ್ಸರುಗಳು ಒಮ್ಮೆಲೇ ಮೊರೆಯುವಾಗ ಅದು ಸ್ನೇಹದ ಸದ್ದಾಗಿ ಉಳಿದಿರುವುದಿಲ್ಲ.

ಆದುದರಿಂದ ಪ್ರಶ್ನೆ ಇನ್ನೂ ತೀರಿಲ್ಲ. ಇದು ಸ್ನೇಹವೇ, ಅಥವಾ ಒಂದೇ ಬಗೆಯ ವಸ್ತು ಉಳ್ಳವರ ಕೂಟವೇ? ಅರಿಸ್ಟಾಟಲನು ತನ್ನ ನಿಕೊಮಾಕಿಯನ್ ನೀತಿಶಾಸ್ತ್ರದ ಎಂಟನೆಯ ಭಾಗದಲ್ಲಿ ಸ್ನೇಹವನ್ನು ಮೂರು ಬಗೆಯಾಗಿ ನೋಡುತ್ತಾನೆ: ಪ್ರಯೋಜನಕ್ಕಾಗಿ ಕೂಡಿದ್ದು, ಸಂತೋಷಕ್ಕಾಗಿ ಕೂಡಿದ್ದು, ಒಬ್ಬರ ಒಳ್ಳೆಯತನವನ್ನು ಇನ್ನೊಬ್ಬರು ಕಂಡು ಕೂಡಿದ್ದು. ಮೊದಲಿನ ಎರಡು, ಕಾರಣ ತೀರಿದೊಡನೆ ತೀರುತ್ತವೆ. ಸೆಮಿನರಿಯಲ್ಲಿ ನಾವು ಈ ವಿಂಗಡಣೆಯನ್ನು ಬಾಯಿಪಾಠ ಮಾಡಿ, ಮೂರನೆಯದನ್ನು ಮಾತ್ರ ಸ್ನೇಹವೆಂದು ಬರೆದು ಅಂಕ ಪಡೆದೆವು. ಆದರೆ ಅರಿಸ್ಟಾಟಲ್ ಮೊದಲೆರಡನ್ನು ತುಚ್ಛವೆಂದು ತಳ್ಳಿಬಿಟ್ಟವನಲ್ಲ. ಒಡನಾಟದ ಅಭ್ಯಾಸವೂ ಕಾಲವೂ ಕೂಡದೆ ಮೂರನೆಯದು ಬೆಳೆಯದೆಂದು ಅವನಿಗೆ ಗೊತ್ತಿತ್ತು. ಪಿಸ್ಟನ್ ರಿಂಗಿಗಾಗಿ ಭೇಟಿಯಾದವರು ಇನ್ನೊಂದು ದಿನ ಬೇರೇನಕ್ಕೋ ಭೇಟಿಯಾಗಬಹುದು. ಆಗದೆಯೂ ಇರಬಹುದು.

ಹೀಗೆ ತಿಳಿಯಲು ಎರಡು ಪರೀಕ್ಷೆಗಳಿವೆಯೆಂದು ನಾನು ಭಾವಿಸುತ್ತೇನೆ. ಒಂದು ರಸ್ತೆಯ ಮೇಲಿನದು. ಜಾವಾದವನು ದಾರಿಯಲ್ಲಿ ನಿಂತಿದ್ದರೆ ಇನ್ನೊಬ್ಬ ಜಾವಾದವನು ನಿಲ್ಲಿಸಿ ವಿಚಾರಿಸದೆ ಮುಂದೆ ಹೋಗುವುದಿಲ್ಲವೆಂದು ಅವರು ಹೆಮ್ಮೆಯಿಂದ ಹೇಳುತ್ತಾರೆ. ಒಳ್ಳೆಯ ಮಾತು. ಆದರೆ ಬಿದ್ದವನ ಬಳಿ ಜಾವಾ ಇಲ್ಲದಿದ್ದರೆ? 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಅಪಘಾತದಿಂದ ಸತ್ತರು. ಅವರಲ್ಲಿ ಶೇಕಡಾ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನಗಳ ಮೇಲಿದ್ದವರು. ಪೊಲೀಸು, ಕೋರ್ಟು, ಸಾಕ್ಷಿಯೆಂಬ ಅಂಜಿಕೆಯಿಂದ ಜನರು ಗಾಯಾಳುವನ್ನು ಮುಟ್ಟುತ್ತಿರಲಿಲ್ಲ. 2016ರ ಮಾರ್ಚ್ 30ರಂದು ಸರ್ವೋಚ್ಚ ನ್ಯಾಯಾಲಯ ನೆರವಾಗುವವರಿಗೆ ರಕ್ಷಣೆ ನೀಡುವ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಮು ಸೇರಿತು. ಆ ಕಲಮು ಅಂಥ ಮನುಷ್ಯನನ್ನು ಕರೆಯುವುದು ಲೂಕನ ಶುಭಸಂದೇಶದ ಹೆಸರಿನಿಂದಲೇ: ದಯಾಳು ಸಮಾರಿಯದವನು. ಆ ಸಾಮತಿಯಲ್ಲಿ ಗಾಯಗೊಂಡು ಬಿದ್ದಿದ್ದವನು ಸಮಾರಿಯದವನ ಕೂಟಕ್ಕೆ ಸೇರಿದವನಾಗಿರಲಿಲ್ಲ ಎಂಬುದನ್ನು ನಾನು ಜಾವಾದ ಗೆಳೆಯರಿಗೆ ಒಮ್ಮೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬರು, 'ಸ್ವಾಮಿ, ನಮ್ಮ ಟೂಲ್ ಬಾಕ್ಸಿನಾಗ ಸ್ಪ್ಯಾನರ್ ಐತಿ, ಬ್ಯಾಂಡೇಜ್ ಇಲ್ಲ' ಎಂದರು. ಈಗ ಬ್ಯಾಂಡೇಜೂ ಇದೆ.

ಎರಡನೆಯ ಪರೀಕ್ಷೆ ಇನ್ನೂ ಕಠಿಣ. ಗಾಡಿಯನ್ನು ಮಾರಿದವನಿಗೆ ಕೂಟದಲ್ಲಿ ಜಾಗವಿದೆಯೇ? ವಸ್ತುವೇ ಬಂಧವಾಗಿದ್ದರೆ, ವಸ್ತು ಹೋದ ದಿನ ಬಂಧವೂ ಹೋಗಬೇಕು. ಕುರುಗೋಡು ಕಡೆಯ ಹಿರಿಯರೊಬ್ಬರ ವಿಷಯದಲ್ಲಿ ಇದು ನಡೆದದ್ದನ್ನು ಬಲ್ಲೆ. ಬಹಳ ವರ್ಷಗಳ ಮೇಲೆ ಯೆಜ್ಡಿಯನ್ನು ಮರಳಿ ಕೊಂಡು, ಎರಡು ಬೇಸಿಗೆ ಅದಕ್ಕಾಗಿ ಬೆವರಿದ್ದರು. ಹೆಂಡತಿಯ ಡಯಾಲಿಸಿಸ್ ಆರಂಭವಾದಾಗ ಎರಡನೆಯ ಸಲ ಅದನ್ನು ಮಾರಿದರು. ಈ ಸಲ ಯಾರಿಗೂ ಹೇಳಲಿಲ್ಲ. ಮುಂದಿನ ಕೂಟಕ್ಕೆ ಬರಲಿಲ್ಲ, ಫೋನು ಎತ್ತಲಿಲ್ಲ. ಗಾಡಿಯಿಲ್ಲದೆ ಅಲ್ಲಿಗೆ ಹೋಗಿ ನಿಲ್ಲುವುದಾದರೂ ಹೇಗೆ ಎಂಬ ಸಂಕೋಚ. ಮೂರು ವಾರ ಕಾದ ಗೆಳೆಯರು ಮನೆಗೇ ಹೋದರು. ಅವರಲ್ಲಿ ಒಬ್ಬರ ಗಾಡಿ ದಾರಿಯುದ್ದಕ್ಕೂ ಮಿಸ್ ಹೊಡೆಯುತ್ತಿತ್ತು. ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಆ ಹಿರಿಯರು ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದವರು, 'ಬರ್ರಿ' ಎನ್ನುವ ಮೊದಲೇ ಕಿವಿಗೊಟ್ಟು ನಿಂತು, 'ಪಾಯಿಂಟು ನೋಡಿಸೀರೇನು?' ಎಂದು ಕೇಳಿದರು. ಸ್ಕ್ರೂಡ್ರೈವರ್ ತರಲು ಒಳಗೆ ಹೋದರು. ಬಂದವರು ಅವರ ಹಿಂದೆಯೇ ಒಳಗೆ ಹೋಗಿ, ಮಂಚದ ಬಳಿ ನೆಲದ ಮೇಲೆ ಕುಳಿತು, 'ಹೆಂಗದೀರಿ ಅಕ್ಕಾ' ಎಂದು ಮೊದಲ ಬಾರಿಗೆ ಆಕೆಯನ್ನು ಮಾತನಾಡಿಸಿದರು.