ಮರಿ ತಿಂದ ಗೋಡೆ

ಕೋಳಿಮೊಟ್ಟೆಯ ಚಿಪ್ಪು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ದಪ್ಪ. ಕಾವಿಗೆ ಕೂತ ಹೇಂಟೆಯ ಭಾರವನ್ನು ಅದು 21 ದಿನ ತಾಳಬೇಕು, ಕೊನೆಗೆ ಎಳೆಕೊಕ್ಕಿನ ಕುಟುಕಿಗೆ ಬಿರಿಯಲೂ ಬೇಕು. ಒಳಗಿನ ಜೀವಕ್ಕೆ ಉಸಿರು ಹೋಗಬೇಕು, ಹೊರಗಿನ ರೋಗಾಣು ಹೋಗಬಾರದು. ಇಷ್ಟಕ್ಕೆಲ್ಲ ಬಳಕೆಯಾಗಿರುವುದು ತೀರಾ ಸಾಮಾನ್ಯ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಕರಾವಳಿಯ ಚಿಪ್ಪು ಸುಟ್ಟು ತೆಗೆದ ಸುಣ್ಣ ನಮ್ಮ ಮಲೆನಾಡಿನ ಕವಳದ ತಟ್ಟೆಗೆ ಬರುತ್ತದಲ್ಲ, ಅದರ ಮೂಲವೂ ಇದೇ. ಹೇಂಟೆಯ ಹೊಟ್ಟೆಯೊಳಗೆ ಈ ಸುಣ್ಣ ಹರಳುಗಟ್ಟಿ ಚಿಪ್ಪಾಗುವುದಕ್ಕೆ 20 ಗಂಟೆ ಸಾಕು. ಅವಸರಕ್ಕೆ ತಿಂದ ಕಾಳಿನಲ್ಲಿ ಅಷ್ಟು ಸುಣ್ಣ ಸಿಗದಿದ್ದರೆ ತಾಯಿ ತನ್ನ ಎಲುಬಿನಿಂದಲೇ ತೆಗೆದು ಕೊಡುತ್ತಾಳೆ.

ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ, ನರ್ಮದಾ ಕಣಿವೆಯ ಬಾಗ್ ಮತ್ತು ಕುಕ್ಷಿ ಊರುಗಳ ಆಸುಪಾಸಿನ ಹೊಲಗಳಲ್ಲಿ, ಇದೇ ಸುಣ್ಣದ ಇನ್ನೊಂದು ಕಥೆ ಹೂತುಕೊಂಡಿದೆ. ಹರ್ಷಾ ಧೀಮನ್, ದೆಹಲಿ ವಿಶ್ವವಿದ್ಯಾಲಯದ ಗುಂಟುಪಲ್ಲಿ ಪ್ರಸಾದ್ ಮತ್ತು ಸಂಗಡಿಗರು ಅಲ್ಲಿ 92 ಗೂಡುಗಳನ್ನೂ 256 ಮೊಟ್ಟೆಗಳನ್ನೂ ಗುರುತಿಸಿ 2023ರ ಜನವರಿಯಲ್ಲಿ ಪ್ರಕಟಿಸಿದರು. ಉದ್ದ ಕತ್ತಿನ, ಸೊಪ್ಪು ಮೇಯುವ ಟೈಟನೊಸಾರ್‌ಗಳ ಮೊಟ್ಟೆಗಳವು. ಅಂಥ ದೈತ್ಯ ಪ್ರಾಣಿಯ ಮೊಟ್ಟೆ ಒಂದು ಗೇಣಿಗಿಂತ ಅಗಲವಿಲ್ಲ. ಪಾಡ್ಲ್ಯಾ ಎಂಬ ಹಳ್ಳಿಯವರು ಉಳುವಾಗ ಸಿಕ್ಕ ಈ ಗುಂಡುಕಲ್ಲುಗಳನ್ನು ಕಾಕರ್ ಭೈರವನೆಂದು ಪೂಜಿಸುತ್ತಿದ್ದರು. ಹೊಲವನ್ನೂ ದನಕರುಗಳನ್ನೂ ಕಾಯುವ ದೇವರು. ಮರದ ಬುಡದ ಕಲ್ಲಿನಲ್ಲಿ ಚೌಡಿಯನ್ನು ಕಾಣುವ ನಮ್ಮ ಸೀಮೆಯವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ಆ ಕಲ್ಲಿನಲ್ಲಿ ಏನೋ ಇದೆ ಎಂದು ಅವರಿಗೆ ಅನ್ನಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಏನಿದೆ ಎಂದು ನೋಡಬೇಕಾದರೆ ಚಿಪ್ಪಿನ ಚೂರನ್ನು ಗಾಜಿಗೆ ಅಂಟಿಸಿ, ಬೆಳಕು ತೂರಿಹೋಗುವವರೆಗೆ ತೇಯಬೇಕು. 1000 ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ತೇಯ್ದ ಪದರ 30 ಮೈಕ್ರಾನ್‌ಗೆ ಇಳಿಯಬೇಕು. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಟೈಟನೊಸಾರ್ ಚಿಪ್ಪಿನಲ್ಲಿ ಕಾಣುವುದು ಒತ್ತೊತ್ತಾಗಿ ನಿಲ್ಲಿಸಿದ ಬೀಸಣಿಗೆಗಳ ಸಾಲು. ಪ್ರತಿ ಬೀಸಣಿಗೆಯೂ ಒಳಮೈಯ ಒಂದು ಬಿಂದುವಿನಲ್ಲಿ ಹುಟ್ಟಿ, ಹರಳಿನ ಕಡ್ಡಿಗಳನ್ನು ಹರಡುತ್ತ ಮೇಲೇರಿ, ಹೊರಮೈಯಲ್ಲಿ ಒಂದು ದುಂಡು ಗುಬುಟಾಗಿ ಮುಗಿಯುತ್ತದೆ. ಅಡ್ಡಡ್ಡಲಾಗಿ ಬಾಗಿದ ಗೆರೆಗಳು ಚಿಪ್ಪು ಬೆಳೆದ ಹಂತಗಳು. ನಡುನಡುವೆ ಗಾಳಿಯಾಡುವ ಕೊಳವೆಗಳು. ಮಣ್ಣಲ್ಲಿ ಹುಗಿದ ಮೊಟ್ಟೆಗೆ ಇಂಥ ರಂಧ್ರಗಳು ಹೆಚ್ಚು ಬೇಕು, ಬಯಲು ಗೂಡಿನ ಮೊಟ್ಟೆಗೆ ಕಡಿಮೆ ಸಾಕು. ತಾಯಿ ಕಾವಿಗೆ ಕೂತಿದ್ದಳೋ ಮಣ್ಣು ಮುಚ್ಚಿ ಹೋಗಿದ್ದಳೋ ಎಂಬುದನ್ನು ರಂಧ್ರಗಳಿಂದ ಊಹಿಸುವುದು ಹಾಗೆ. ಎರಡು ಕಾಲಲ್ಲಿ ಓಡುವ ಮಾಂಸಾಹಾರಿ ಡೈನೊಸಾರ್‌ಗಳ ಚಿಪ್ಪಿನಲ್ಲಿ ಕೆಳಗೆ ಶಂಕುಗಳ ಪದರ, ಮೇಲೆ ಬೇರೆಯದೇ ಹೆಣಿಗೆಯ ಇನ್ನೊಂದು ಪದರ. ಹಕ್ಕಿಯ ಚಿಪ್ಪು ಅದನ್ನೇ ಮುಂದುವರಿಸಿದೆ. ಹಕ್ಕಿ ಡೈನೊಸಾರ್ ಕುಲದ್ದೆಂಬ ಮಾತಿಗೆ ಎಲುಬುಗಳಷ್ಟೇ ಅಲ್ಲ, ಈ ಹರಳುಗಳೂ ಸಾಕ್ಷಿ.

ನನ್ನನ್ನು ಹೆಚ್ಚು ಕಾಡುವುದು ಬೀಸಣಿಗೆ ಹುಟ್ಟುವ ಆ ತುದಿ. ಕೋಳಿಮರಿಯ ಎಲುಬಿಗೆ ಬೇಕಾದ ಸುಣ್ಣದಲ್ಲಿ ಸುಮಾರು ನೂರಕ್ಕೆ 80 ಪಾಲು ಚಿಪ್ಪಿನಿಂದಲೇ ಬರುತ್ತದೆ. ಪೊರೆಗೆ ಅಂಟಿಕೊಂಡ ಶಂಕುಗಳ ತುದಿಯನ್ನು ಭ್ರೂಣ ಕರಗಿಸಿ, ರಕ್ತಕ್ಕೆ ಎಳೆದುಕೊಂಡು, ಕಾಲೂ ಪಕ್ಕೆಲುಬೂ ಮಾಡಿಕೊಳ್ಳುತ್ತದೆ. ಎಲುಬು ಬಲಿಯುತ್ತ ಹೋದಂತೆ ಗೋಡೆ ಬಡವಾಗುತ್ತ ಹೋಗುತ್ತದೆ. ಮರಿ ಹೊರಗೆ ಬರುವಷ್ಟು ಗಟ್ಟಿಯಾಗುವ ಹೊತ್ತಿಗೆ ಚಿಪ್ಪು ಒಡೆಯುವಷ್ಟು ಮೆತ್ತಗಾಗಿರುತ್ತದೆ. ಒಂದೇ ಸುಣ್ಣ, ಎರಡು ಲೆಕ್ಕ. ಇಷ್ಟು ಅಚ್ಚುಕಟ್ಟಾದ ಏರ್ಪಾಟನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಸವೆತ ಕಲ್ಲಾದ ಮೇಲೂ ಅಳಿಯದೆ ಉಳಿಯಬಲ್ಲದು. ಕೆಲವು ಡೈನೊಸಾರ್ ಚಿಪ್ಪುಗಳ ಒಳತುದಿಯಲ್ಲಿ ಇಂಥ ಕುಳಿಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಮಣ್ಣಿನ ಹುಳಿನೀರೂ ಸುಣ್ಣವನ್ನು ತಿನ್ನುತ್ತದೆ, ಹಾಗಾಗಿ ಎರಡನ್ನೂ ಬೇರ್ಪಡಿಸಿ ನೋಡುವ ತಾಳ್ಮೆ ಬೇಕು. ನೀರು ಸಿಕ್ಕ ಮೈಯನ್ನೆಲ್ಲ ತಿನ್ನುತ್ತದೆ, ಮರಿ ತಿನ್ನುವುದು ಒಳತುದಿಗಳನ್ನು ಮಾತ್ರ. ಕೋಟ್ಯಂತರ ವರ್ಷಗಳ ಹಿಂದೆ ಒಂದು ಮರಿ ಬೆಳೆದಿತ್ತೋ ಇಲ್ಲವೋ ಎಂಬುದಕ್ಕೆ, ಆ ಮರಿಯ ಒಂದು ಎಲುಬೂ ಸಿಗದಿದ್ದರೂ, ಅದು ಉಂಡ ಗುರುತು ಉಳಿದಿರಬಹುದು!

ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಇಂಥದನ್ನು ಅಗೆದು ತೆಗೆಯುವ ಆಸೆ ಬೇಡ. ಶಿವಮೊಗ್ಗ ಸೀಮೆಯ ತಳಬಂಡೆ 250 ಕೋಟಿ ವರ್ಷಕ್ಕೂ ಹಳೆಯದು, ಡೈನೊಸಾರ್ ಇನ್ನೂ ಹುಟ್ಟಿರದ ಕಾಲದ್ದು. ಮೇಲಿರುವುದು ಮಳೆಗೆ ತೊಳೆದು ಹುಳಿಯಾದ ಕೆಂಪು ಮಣ್ಣು ಮತ್ತು ಜಂಬಿಟ್ಟಿಗೆ. ಅಡಿಕೆ ತೋಟಕ್ಕೆ ಸುಣ್ಣ ಹಾಕುವುದು ಆ ಹುಳಿ ಮುರಿಯಲೆಂದೇ. ಇಲ್ಲಿ ಬಿದ್ದ ಚಿಪ್ಪು ಕಲ್ಲಾಗುವ ಮುಂಚೆ ಕರಗುತ್ತದೆ. ಸುಣ್ಣ ಕಡಿಮೆಯಿರುವ ನೆಲದಲ್ಲಿ ಹಕ್ಕಿಗೂ ಕಷ್ಟವೇ. ನೆದರ್‌ಲ್ಯಾಂಡ್ಸಿನ ಹುಳಿಮಣ್ಣಿನ ಕಾಡುಗಳಲ್ಲಿ ಸುಣ್ಣಕ್ಕಾಗಿ ಹಕ್ಕಿಗಳು ತಿನ್ನುವ ಬಸವನಹುಳು ಕಡಿಮೆಯಾದದ್ದರಿಂದಲೇ ಪುಟ್ಟ ಹಕ್ಕಿಗಳ ಮೊಟ್ಟೆ ತೆಳುವಾಯಿತೆಂದು 1994ರಲ್ಲಿ ತೋರಿಸಿಕೊಟ್ಟರು.

ಆದರೂ ಮಳೆಗಾಲದಲ್ಲಿ ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಗೆ ಹೋಗಿ. ತುಂಬಿದ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಬೆಳ್ಳಕ್ಕಿಯ ಮೊಟ್ಟೆಗೆ ತಿಳಿ ನೀಲಿಹಸಿರು ಬಣ್ಣ ಕೊಡುವ ಬಿಲಿವರ್ಡಿನ್ ಎಂಬ ವಸ್ತುವೇ ಚೀನಾದ ಓವಿರ‍್ಯಾಪ್ಟರ್ ಜಾತಿಯ ಡೈನೊಸಾರ್ ಚಿಪ್ಪಿನಲ್ಲೂ ಸಿಕ್ಕಿದೆ. ಮೊಟ್ಟೆಗೆ ಬಣ್ಣ ಹಚ್ಚುವ ವಿದ್ಯೆ ಹಕ್ಕಿಗಿಂತ ಮೊದಲೇ ಡೈನೊಸಾರ್‌ಗಳಲ್ಲಿ ಒಮ್ಮೆ ಮಾತ್ರ ಹುಟ್ಟಿತೆಂದು 2018ರ ಅಧ್ಯಯನ ಹೇಳುತ್ತದೆ.

ಗೂಡು ಮುಟ್ಟದೆ ಮನೆಯಲ್ಲೇ ನೋಡಬಹುದಾದದ್ದೂ ಇದೆ. ಅಡುಗೆಮನೆಯಲ್ಲಿ ಒಡೆದ ಮೊಟ್ಟೆಯ ಒಂದು ಚೂರು, ಹೇಂಟೆ ಕಾವು ಕೊಟ್ಟು ಮರಿ ಮಾಡಿದ ಮೊಟ್ಟೆಯ ಒಂದು ಚೂರು, ಎರಡನ್ನೂ ಅಕ್ಕಪಕ್ಕ ಇಡಿ. ಮೊದಲನೆಯದರ ಪೊರೆ ಚಿಪ್ಪಿಗೆ ಕಚ್ಚಿಕೊಂಡಿರುತ್ತದೆ, ಎರಡನೆಯದರದು ಸಲೀಸಾಗಿ ಬಿಟ್ಟುಬರುತ್ತದೆ. ಬೆರಳಲ್ಲಿ ಮುರಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಶಾಲೆಯ ಸೂಕ್ಷ್ಮದರ್ಶಕ ಸಿಕ್ಕರೆ ಒಳಮೈಯನ್ನು ಮೇಲೆ ಮಾಡಿಟ್ಟು, ಪಕ್ಕದಿಂದ ಬೆಳಕು ಬಿಟ್ಟು, ಮಕ್ಕಳಿಗೆ ತೋರಿಸಿ.